ಸರಪಳಿ ಕಳಚಿದ ಮೇಲ್ವಿಚಾರಕ

ಮನೋರೋಗ ಚಿಕಿತ್ಸೆಯ ಇತಿಹಾಸದಲ್ಲಿ ಫ್ರಾನ್ಸಿನ ವೈದ್ಯ ಫಿಲಿಪ್ ಪಿನೆಲ್ ಹೆಸರು ದೊಡ್ಡದು. ಹುಚ್ಚರೆಂದು ಕೂಡಿಹಾಕಿದ್ದವರ ಸರಪಳಿ ಬಿಚ್ಚಿಸಿದ ಕರುಣಾಳು ಎಂದೇ ಆತ ಪ್ರಸಿದ್ಧ. ಆ ದೃಶ್ಯವನ್ನು ವರ್ಣಚಿತ್ರಗಳಲ್ಲೂ ಮೂಡಿಸಲಾಗಿದೆ. ಆದರೆ 1797ರಲ್ಲಿ ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಸರಪಳಿಗಳು ಕಳಚಿದಾಗ ಪಿನೆಲ್ ಅಲ್ಲಿರಲೇ ಇಲ್ಲ. ಎರಡು ವರ್ಷ ಮೊದಲೇ ಆತ ಸಾಲ್ಪೆತ್ರಿಯೇರ್ ಆಸ್ಪತ್ರೆಗೆ ಹೋಗಿಯಾಗಿತ್ತು. ಆ ಕೆಲಸ ಮಾಡಿದವನು ಜಾಂ ಬಾಪ್ತಿಸ್ತ್ ಪ್ಯುಸಾಂ ಎಂಬ ವಾರ್ಡಿನ ಮೇಲ್ವಿಚಾರಕ.

ಪ್ಯುಸಾಂ ವೈದ್ಯನಲ್ಲ, ಚರ್ಮ ಹದ ಮಾಡುವ ಕಸುಬಿನವನು. ಗಂಡಮಾಲೆ ರೋಗಕ್ಕೆ ಚಿಕಿತ್ಸೆ ಪಡೆಯಲು ಬಿಸೆತ್ರ್‌ಗೆ ಬಂದು, ಗುಣವಾದ ಮೇಲೆ ಅಲ್ಲಿಯೇ ಕೆಲಸಕ್ಕೆ ನಿಂತ. 1780ರ ದಶಕದಲ್ಲಿ ಮನೋರೋಗಿಗಳ ವಾರ್ಡು ಆತನ ಕೈಗೆ ಬಂತು. ಹೆಂಡತಿಯೂ ಜೊತೆಗೆ ದುಡಿದಳು.

ರೋಗಿಗಳನ್ನು ಹೊಡೆಯಕೂಡದು ಎಂಬುದು ಆತನ ಮೊದಲ ಕಟ್ಟಳೆ. ಇದಕ್ಕೆ ಪರಿಚಾರಕರೇ ತಿರುಗಿಬಿದ್ದರು. ಕೆರಳಿದ ರೋಗಿ ಮೇಲೆ ಬಿದ್ದರೆ ತಮ್ಮ ಗತಿಯೇನು ಎಂಬುದು ಅವರ ಪ್ರಶ್ನೆ. ಆ ಭಯ ಸುಳ್ಳಾಗಿರಲಿಲ್ಲ. ಆದರೂ ಪ್ಯುಸಾಂ ಜಗ್ಗಲಿಲ್ಲ. ಮಾತು ಕೇಳದವರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕಳುಹಿಸಿದ. ಗುಣಮುಖರಾದ ರೋಗಿಗಳನ್ನೇ ಪರಿಚಾರಕರನ್ನಾಗಿ ನೇಮಿಸಿಕೊಂಡ. ಆ ನೋವು ಉಂಡವರು ಕೈ ಎತ್ತುವ ಮುನ್ನ ಯೋಚಿಸುತ್ತಾರಲ್ಲವೆ?

ಹಾಗೆಂದು ಅಪಾಯವನ್ನು ಆತ ಕಡೆಗಣಿಸಲಿಲ್ಲ. ರೋಗಿ ರೊಚ್ಚಿಗೆದ್ದಾಗ ಒಬ್ಬನು ಎದುರು ನಿಂತು ಮಾತಿನಲ್ಲಿ ಗಮನ ಸೆಳೆಯುವುದು, ಉಳಿದವರು ಅಕ್ಕಪಕ್ಕದಿಂದ ಬಂದು ಪೆಟ್ಟಾಗದಂತೆ ಹಿಡಿಯುವುದು, ಇದು ಅಲ್ಲಿನ ರೀತಿಯಾಗಿತ್ತು. ಸರಪಳಿಯ ಜಾಗಕ್ಕೆ ಕೈಕಟ್ಟುವ ಅಂಗಿ ಬಂತು. ಅದೂ ಬಂಧನವೇ, ಆದರೆ ವರ್ಷಗಟ್ಟಲೆ ಕಬ್ಬಿಣ ಹೊತ್ತವನಿಗೆ ಎದ್ದು ಓಡಾಡುವ ಅವಕಾಶ ಸಿಕ್ಕಿತು.

ಪಿನೆಲ್ ಈ ಋಣವನ್ನು ಮರೆಯಲಿಲ್ಲ. 1801ರ ತನ್ನ ಗ್ರಂಥದಲ್ಲಿ ಪ್ಯುಸಾಂನನ್ನು ಹೊಗಳಿದ. ಮರುವರ್ಷ ಆತನನ್ನು ಸಾಲ್ಪೆತ್ರಿಯೇರ್‌ಗೆ ಕರೆಸಿಕೊಂಡ. ಮರೆತದ್ದು ಮುಂದಿನ ತಲೆಮಾರು.

ಇದು ದೂರದ ಕಥೆಯೇನಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾರದೆ ಬೆಂದುಹೋದರು. ಸತ್ತವರು 28 ಮಂದಿ. ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಹಾಕುವುದನ್ನು ನಮ್ಮ ಕಾನೂನು ಸ್ಪಷ್ಟವಾಗಿ ನಿಷೇಧಿಸಿದ್ದು 2017ರಲ್ಲಿ. ಆದರೆ ನಡುರಾತ್ರಿ ಕೆರಳಿದ ರೋಗಿಯೊಬ್ಬ ತುರ್ತು ಚಿಕಿತ್ಸೆಗೆ ಬಂದಾಗ ಆ ಕಾನೂನನ್ನು ಉಳಿಸಬೇಕಾದವರು ವಾರ್ಡಿನಲ್ಲಿ ನಿಂತ ದಾದಿಯರು, ಪರಿಚಾರಕರು. ಅವರ ಭಯಕ್ಕೆ ಉತ್ತರವಾಗಿ ಸಾಕಷ್ಟು ಜನ, ತಕ್ಕ ತರಬೇತಿ ಇಲ್ಲದಿದ್ದರೆ ಕಾನೂನು ಕಾಗದದಲ್ಲೇ ಉಳಿದೀತು.