ಕೊಡಗಿನ ಹಳೆಯ ಜೀಪುಗಳು

ಇಂದಿಗೂ ರೈಲು ಏರಿಬಾರದ ಕೊಡಗಿನಲ್ಲಿ, ಕಾಫಿತೋಟಗಳ ಕಡಿದಾದ ಹಾದಿಗಳಿಗೆ ಚೆನ್ನಾಗಿ ಒಗ್ಗಿದ ವಾಹನವೆಂದರೆ ಜೀಪು. ಅದು ಹುಟ್ಟಿದುದು ಮಾತ್ರ ರಣರಂಗಕ್ಕಾಗಿ. 1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳು 6 ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ನಿರ್ಮಿಸಿದುವು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲವು ಹಾಯುವುದರಿಂದ ಕೆಸರೂ ಏರೂ ಅದಕ್ಕೆ ತಡೆಯಾಗಲಿಲ್ಲ. ಭಾರತವು ಸ್ವತಂತ್ರವಾದ ಮೊದಲ ವರ್ಷಗಳಲ್ಲಿಯೇ ಮಹೀಂದ್ರ ಸಂಸ್ಥೆಯವರು ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದರು.

ಯುದ್ಧಕಾಲದ ಜೀಪನ್ನು ಗುರುತಿಸುವುದು ಕಷ್ಟವಲ್ಲ. ಅದರ ಮುಂಭಾಗದ ಜಾಲರಿಯಲ್ಲಿ 9 ಸೀಳುಗಳು. ಹಿಂದೆ ಬಾಗಿಲಿಲ್ಲ, ಹೆಚ್ಚಿನ ಚಕ್ರವು ಅಲ್ಲಿಯೇ ತೂಗುತ್ತದೆ. 1945ರಲ್ಲಿ ನಾಗರಿಕರಿಗಾಗಿ ಬಂದ ಜೀಪಿಗೆ ಸೀಳುಗಳು ಏಳೇ. ಹಿಂಬಾಗಿಲುಂಟು, ಚಕ್ರವು ಪಕ್ಕಕ್ಕೆ ಸರಿದಿದೆ.

ಕೇಂದ್ರ ಸರಕಾರವು 2021ರಲ್ಲಿ ಹೊರಡಿಸಿದ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚೌಕಟ್ಟು, ಮೈಕಟ್ಟು, ಎಂಜಿನ್ನುಗಳಲ್ಲಿ ಮಹತ್ತಾದ ಮಾರ್ಪಾಡಿಲ್ಲದ ವಾಹನಕ್ಕೆ ಮಾತ್ರ ‘ವಿಂಟೇಜ್’ ಎಂಬ ಮಾನ್ಯತೆ. ಅದನ್ನು ನಿತ್ಯದ ಬಳಕೆಗಾಗಲಿ ಬಾಡಿಗೆಗಾಗಲಿ ಓಡಿಸಕೂಡದು. ದುಡಿಯುವ ಜೀಪಿಗೆ ಈ ಎರಡೂ ನಿಬಂಧನೆಗಳು ಕಠಿನವೇ ಸರಿ. ಪೆಟ್ರೋಲು ಎಂಜಿನ್ನನ್ನು ಕಳಚಿ ಡೀಸೆಲ್ ಎಂಜಿನ್ನನ್ನು ಕೂರಿಸಿದುದರಿಂದಲೇ ಎಷ್ಟೋ ಜೀಪುಗಳು ಗುಜರಿಯನ್ನು ಸೇರದೆ ಉಳಿದುವು. ಮಾಂದಲಪಟ್ಟಿಯ ಬೆಟ್ಟಕ್ಕೆ ಪ್ರವಾಸಿಗರನ್ನು ಹೊತ್ತೊಯ್ಯುವುವೂ ಜೀಪುಗಳೇ. ವಾಹನವನ್ನು ಬಾಳಿಸಿದ ಮಾರ್ಪಾಡೇ ಸಂಗ್ರಾಹಕನ ಕಣ್ಣಿಗೆ ಕುಂದಾಗಿ ತೋರುತ್ತದೆ.

ಆದುದರಿಂದ ಹಳೆಯ ಜೀಪನ್ನು ಮಾರಹೊರಟ ಮನೆಯವರು, ಕಳಚಿಟ್ಟ ಮೂಲದ ಎಂಜಿನ್ನು ಕೊಟ್ಟಿಗೆಯಲ್ಲಿ ಉಳಿದಿದ್ದರೆ ಅದನ್ನು ತೂಕಕ್ಕೆ ಹಾಕದೆ, ನೋಂದಣಿಪತ್ರದೊಡನೆ ಕೊಳ್ಳುವವನಿಗೆ ಒಪ್ಪಿಸುವುದು ಲೇಸು. ಚದುರಿದ ಭಾಗಗಳನ್ನು ಮರಳಿ ಕೂಡಿಸುವುದು ಹಣವಿದ್ದವನಿಗೂ ಸುಲಭಸಾಧ್ಯವಲ್ಲ.