ಎರಡು ಯಂತ್ರಗಳು ಜೊತೆ ತಪ್ಪಿದಾಗ

1965ರ ಜನವರಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 28 ವರ್ಷದ ಸ್ಟೀವ್ ರೈಶ್ ಎರಡು ಅಗ್ಗದ ಟೇಪ್ ರೆಕಾರ್ಡರ್‌ಗಳ ಮುಂದೆ ಕೂತಿದ್ದ. ಊರಿನ ಯೂನಿಯನ್ ಸ್ಕ್ವೇರ್‌ನಲ್ಲಿ ನೋಹನ ಪ್ರಳಯದ ಕಥೆ ಹೇಳುತ್ತಿದ್ದ ಬೀದಿ ಬೋಧಕನೊಬ್ಬನ ದನಿಯನ್ನು ಅವನು ಹಿಂದಿನ ವರ್ಷ ಮುದ್ರಿಸಿಕೊಂಡಿದ್ದ. ಅದರಿಂದ ಒಂದು ತುಣುಕು ಕತ್ತರಿಸಿ, ಟೇಪಿನ ಎರಡೂ ತುದಿಗಳನ್ನು ಅಂಟಿಸಿ, ಒಂದೇ ಮಾತು ಕೊನೆಯಿಲ್ಲದೆ ತಿರುಗುವ ಲೂಪ್ ಮಾಡಿದ್ದ. ಎರಡೂ ಯಂತ್ರಗಳಲ್ಲಿ ಅದೇ ಲೂಪ್. ಎರಡನ್ನೂ ತನಗೆ ಬೇಕಾದ ಅಂತರದಲ್ಲಿ ಕೂಡಿಸುವುದು ಅವನ ಉದ್ದೇಶ.

ಯಂತ್ರಗಳು ಒಪ್ಪಲಿಲ್ಲ. ಒಟ್ಟಿಗೇ ಶುರುವಾದವು, ಆದರೆ ಒಂದರ ಮೋಟಾರು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ವೇಗವಾಗಿತ್ತು. ಹೆಡ್‌ಫೋನಿನಲ್ಲಿ ದನಿ ನಿಧಾನವಾಗಿ ಒಂದು ಕಿವಿಯ ಕಡೆಗೆ ವಾಲಿತು. ಮೊದಲು ಅನುರಣನ, ಆಮೇಲೆ ಪ್ರತಿಧ್ವನಿ, ಆಮೇಲೆ ಒಬ್ಬರ ಹಿಂದೆ ಒಬ್ಬರು ಹಾಡುವಂತಹ ಎರಡು ದನಿ. ಮಾತಿನೊಳಗೆ ಯಾರೂ ಬಾರಿಸದ ಲಯಗಳು ಕೇಳತೊಡಗಿದವು. ರೈಶ್ ಅದನ್ನು ಸರಿಪಡಿಸಲು ಹೋಗಲಿಲ್ಲ, ಹಾಗೆಯೇ ನಡೆಯಲು ಬಿಟ್ಟ. ‘ಇಟ್ಸ್ ಗೊನ್ನ ರೇನ್’ ಹುಟ್ಟಿದ್ದು ಹೀಗೆ.

ಲೂಪ್ ಅದಕ್ಕಿಂತ ಹಳೆಯದು. 1948ರಲ್ಲಿ ಪ್ಯಾರಿಸ್ ರೇಡಿಯೋದ ಪಿಯೇರ್ ಶೆಫರ್ ರೈಲಿನ ಸದ್ದುಗಳಿಂದ ಒಂದು ಸಂಗೀತ ಕೃತಿ ಕಟ್ಟಿದ. ಆಗ ಅವನಿಗೆ ಒದಗಿದ್ದು ಟೇಪಲ್ಲ, ಗ್ರಾಮಫೋನ್ ತಟ್ಟೆ. ತಟ್ಟೆಯ ಗೀರನ್ನು ಮುಂದಿನ ಸುತ್ತಿಗೆ ಸಾಗಲು ಬಿಡದೆ ಅಲ್ಲೇ ಮುಚ್ಚಿದರೆ ಮುಳ್ಳು ಅದೇ ಸದ್ದನ್ನು ಮತ್ತೆ ಮತ್ತೆ ಓದುತ್ತದೆ. ನಿಮಿಷಕ್ಕೆ 78 ಸುತ್ತಿನ ತಟ್ಟೆಯಲ್ಲಿ ಒಂದು ಆವರ್ತನಕ್ಕೆ ಮುಕ್ಕಾಲು ಸೆಕೆಂಡಿಗಿಂತ ಚೂರು ಹೆಚ್ಚು. ಲಯವೇನೋ ಸಿಕ್ಕಿತು, ಆದರೆ ಅದು ತಟ್ಟೆಯ ಲಯ. ಹತ್ತನೆಯ ಸುತ್ತು ಮೊದಲನೆಯದರಂತೆಯೇ ಇರುತ್ತದೆ. ಮುಂದೆ ಲೂಪ್ ಹಿಡಿದ ಪ್ರತಿಯೊಬ್ಬರಿಗೂ ಎದುರಾದ ಕಷ್ಟ ಇದೇ: ಬದಲಾಗದೆ ಮರಳುವುದಕ್ಕೆ ಜೀವ ತುಂಬುವುದು ಹೇಗೆ?

ಒಂದು ಉತ್ತರ 1963ರಲ್ಲಿ ಪ್ಯಾರಿಸ್‌ನಲ್ಲೇ ಸಿಕ್ಕಿತು. ಕ್ಯಾಲಿಫೋರ್ನಿಯಾದ ಟೆರಿ ರೈಲಿ ಒಂದು ನಾಟಕಕ್ಕಾಗಿ ಜಾಝ್ ತುತ್ತೂರಿಗಾರ ಚೆಟ್ ಬೇಕರ್‌ನ ತಂಡದೊಡನೆ ಕೆಲಸ ಮಾಡುತ್ತಿದ್ದ. ಅಲ್ಲಿನ ರೇಡಿಯೋ ಸ್ಟುಡಿಯೋದ ತಂತ್ರಜ್ಞನೊಬ್ಬ ಎರಡು ಟೇಪ್ ಯಂತ್ರಗಳ ನಡುವೆ ಒಂದೇ ಟೇಪನ್ನು ಎಳೆದು ಕಟ್ಟಿದ. ಮೊದಲನೆಯದು ಮುದ್ರಿಸಿಕೊಂಡದ್ದನ್ನು ಎರಡನೆಯದು ನುಡಿಸುತ್ತದೆ, ಆ ದನಿ ಮರಳಿ ಮೊದಲನೆಯದಕ್ಕೆ ಹೋಗಿ ಹೊಸ ದನಿಯೊಡನೆ ಬೆರೆಯುತ್ತದೆ. ಆವರ್ತನದ ಉದ್ದವನ್ನು ನಿರ್ಧರಿಸುವುದು ಯಂತ್ರಗಳ ನಡುವಿನ ಅಂತರ. ಟೇಪು ಸೆಕೆಂಡಿಗೆ ಏಳೂವರೆ ಇಂಚು ಓಡುತ್ತಿದ್ದರೆ 60 ಇಂಚಿನ ಅಂತರಕ್ಕೆ 8 ಸೆಕೆಂಡು. ಮರಳುವ ದನಿಯ ಮಟ್ಟ ಇಳಿಸಿಟ್ಟರೆ ಅದು ಪ್ರತಿ ಸುತ್ತಿಗೂ ಒಂದಿಷ್ಟು ಮಾಸುತ್ತದೆ, ಹೊಸದಕ್ಕೆ ಜಾಗ ಬಿಡುತ್ತದೆ. 1972ರಲ್ಲಿ ಇಂಗ್ಲೆಂಡಿನ ಬ್ರಯನ್ ಈನೊ ಮತ್ತು ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಇಂಥದೇ ಜೋಡಣೆಯಲ್ಲಿ ನುಡಿಸಿದರು. ಇಂದಿನ ಲೂಪ್ ಪೆಡಲ್ಲಿನ ಅಜ್ಜ ಇದೇ.

ರೈಲಿ ಮತ್ತು ರೈಶ್ ಒಬ್ಬರಿಗೊಬ್ಬರು ಪರಿಚಿತರು. 1964ರಲ್ಲಿ ರೈಲಿಯ ‘ಇನ್ ಸಿ’ ಮೊದಲ ಸಲ ನುಡಿದಾಗ ವಾದಕರಲ್ಲಿ ರೈಶ್ ಕೂಡ ಇದ್ದ. ಅದರಲ್ಲಿ 53 ಪುಟ್ಟ ಸ್ವರಗುಚ್ಛಗಳಿವೆ, ಯಾವುದನ್ನು ಎಷ್ಟು ಸಲ ನುಡಿಸಬೇಕೆಂಬುದು ಆಯಾ ವಾದಕನ ಇಷ್ಟ. ತಾಲೀಮಿನಲ್ಲಿ ಎಲ್ಲರೂ ಚದುರಿಹೋಗುತ್ತಿದ್ದಾಗ, ಒಂದೇ ಸ್ವರವನ್ನು ಗಡಿಯಾರದಂತೆ ಮೀಟುತ್ತಿರಲಿ ಎಂದು ಸೂಚಿಸಿದವನು ರೈಶ್. ಆಮೇಲೆ ಆ ಕೃತಿ ಅದಿಲ್ಲದೆ ನಡೆದದ್ದು ಕಡಿಮೆ.

1966ರಲ್ಲಿ ಈ ತಂತ್ರದ ಕೈಗೆ ಬೇರೆಯೇ ತೂಕದ ವಸ್ತು ಬಂತು. ನ್ಯೂಯಾರ್ಕಿನ ಹಾರ್ಲೆಮ್‌ನ ಆರು ಕಪ್ಪು ಹುಡುಗರ ಮೇಲೆ ಕೊಲೆ ಆರೋಪವಿತ್ತು, ಅವರ ಮರುವಿಚಾರಣೆಗೆ ಹಣ ಕೂಡಿಸುವ ಕಾರ್ಯಕ್ರಮಕ್ಕೆ ರೈಶ್ ಒಂದು ಕೃತಿ ಮಾಡಿಕೊಟ್ಟ. ಆ ಆರು ಜನರಲ್ಲಿ ಒಬ್ಬನಾದ ಡೇನಿಯಲ್ ಹ್ಯಾಮ್‌ಗೆ ಠಾಣೆಯಲ್ಲಿ ಪೊಲೀಸರು ಹೊಡೆದಿದ್ದರು. ರಕ್ತ ಕಂಡವರನ್ನಷ್ಟೇ ಆಸ್ಪತ್ರೆಗೆ ಕಳಿಸುತ್ತಿದ್ದರಿಂದ ಅವನು ತನ್ನ ಬಾವನ್ನು ತಾನೇ ಹಿಂಡಿ ರಕ್ತ ಹೊರಬರಿಸಿ ತೋರಿಸಬೇಕಾಯಿತು. ಅವನು ಅದನ್ನು ಹೇಳುವ ಟೇಪಿನಿಂದ ಕೆಲವೇ ಪದಗಳನ್ನು ರೈಶ್ ಆಯ್ದುಕೊಂಡ. ‘ಕಮ್ ಔಟ್’ನಲ್ಲಿ ಅವು ಎರಡಾಗಿ, ನಾಲ್ಕಾಗಿ, ಎಂಟಾಗಿ ಸರಿಯುತ್ತವೆ. ಸುಮಾರು 13 ನಿಮಿಷಗಳ ಕೊನೆಗೆ ಪದ ಉಳಿಯುವುದಿಲ್ಲ, ಬರೀ ಮೊರೆತ ಉಳಿಯುತ್ತದೆ. ಹುಡುಗನ ನೋವು ಎಲ್ಲೆಡೆ ತುಂಬಿತೋ, ಅಥವಾ ಅವನ ಮಾತೇ ಅಳಿಸಿಹೋಯಿತೋ? ಎರಡೂ ವಾದಗಳು ಇಂದಿಗೂ ಇವೆ. ಲೂಪಿನ ಲಯದ ಕೆಳಗೆ ಯಾವಾಗಲೂ ಯಾರದೋ ದನಿ, ಯಾರದೋ ಕೈ ಇರುತ್ತದೆ ಎಂಬುದನ್ನು ಈ ಕೃತಿ ಮರೆಯಲು ಬಿಡುವುದಿಲ್ಲ.

ಮುಂದೆ ರೈಶ್ ಯಂತ್ರದಿಂದ ಕಲಿತದ್ದನ್ನು ಮನುಷ್ಯರಿಗೆ ಒಪ್ಪಿಸಿದ. 1967ರ ‘ಪಿಯಾನೊ ಫೇಸ್’ನಲ್ಲಿ ಇಬ್ಬರು 12 ಸ್ವರಗಳ ಒಂದೇ ಸಾಲನ್ನು ನುಡಿಸುತ್ತಾರೆ. ಒಬ್ಬರದು ಸ್ಥಿರ ಗತಿ. ಇನ್ನೊಬ್ಬರು ಕಾಣದಷ್ಟು ವೇಗ ಹೆಚ್ಚಿಸಿ ಒಂದು ಸ್ವರ ಮುಂದೆ ಹೋಗಿ ನಿಲ್ಲುತ್ತಾರೆ. ಹೀಗೆ ಹನ್ನೆರಡು ಸಲ ಸರಿದಾಗ ಮತ್ತೆ ಜೊತೆ. 1972ರ ‘ಕ್ಲ್ಯಾಪಿಂಗ್ ಮ್ಯೂಸಿಕ್’ಗೆ ವಾದ್ಯವೂ ಬೇಡ, ನಾಲ್ಕು ಅಂಗೈ ಸಾಕು.

ಈನೊ ಹಿಡಿದ ದಾರಿ ಬೇರೆ. 1978ರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ನ ಒಂದು ಭಾಗದಲ್ಲಿ ಪ್ರತಿ ಸ್ವರಕ್ಕೂ ಬೇರೆ ಉದ್ದದ ಲೂಪ್: ಒಂದು ಇಪ್ಪತ್ತಮೂರೂವರೆ ಸೆಕೆಂಡಿನದು, ಇನ್ನೊಂದು 26ಕ್ಕೆ ಚೂರು ಕಡಿಮೆ, ಮತ್ತೊಂದು 30ಕ್ಕೆ ಚೂರು ಕಡಿಮೆ. ಅವು ಶುರುವಾದ ಕ್ರಮಕ್ಕೆ ಸುಲಭದಲ್ಲಿ ಮರಳುವುದಿಲ್ಲ. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಈ ಲೆಕ್ಕ ಹೊಸದಲ್ಲ. 8 ಎಣಿಕೆಯ ಆದಿತಾಳದ ಮೇಲೆ 5 ಎಣಿಕೆಯ ಜತಿ ಇಟ್ಟರೆ ಎರಡೂ ಕೂಡುವುದು 40ಕ್ಕೆ, ಅಂದರೆ ಐದನೆಯ ಆವರ್ತನ ಮುಗಿದಾಗ. ವ್ಯತ್ಯಾಸ ಇಷ್ಟೇ: ಮೃದಂಗದವರು ಆ ಕೂಡುವ ಗಳಿಗೆಗಾಗಿಯೇ ಲೆಕ್ಕ ಹಾಕುತ್ತಾರೆ, ಈನೊ ಅದು ಬರದಿರಲೆಂದು ಹಾಕಿದ.

ರೈಲಿಗೆ ಭಾರತದ ನಂಟು ನೇರವಾಗಿಯೇ ಒದಗಿತು. 1970ರಲ್ಲಿ ಅವನು ಪಂಡಿತ್ ಪ್ರಾಣನಾಥರ ಶಿಷ್ಯನಾದ, 1996ರಲ್ಲಿ ಗುರು ತೀರಿಕೊಳ್ಳುವವರೆಗೂ ಜೊತೆಗಿದ್ದ. ಪ್ರಾಣನಾಥರು ಕಿರಾನಾ ಘರಾನಾದ ಅಬ್ದುಲ್ ವಹೀದ್ ಖಾನರ ಶಿಷ್ಯರು. ಅದೇ ಘರಾನಾದ ಅಬ್ದುಲ್ ಕರೀಂ ಖಾನರ ಬಳಿ ಕಲಿತವರು ಕುಂದಗೋಳದ ಸವಾಯಿ ಗಂಧರ್ವರು, ಅವರ ಬಳಿ ಕಲಿತವರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಟೇಪ್ ಲೂಪಿನಿಂದ ಹೊರಟವನು ಬಂದು ಸೇರಿದ್ದು ಧಾರವಾಡ ಸೀಮೆಯ ಗಾಯಕರ ಮನೆತನಕ್ಕೇ. ವಿಲಂಬಿತ ಖಯಾಲಿನಲ್ಲೂ ಅದೇ ಠೇಕಾ ಮರಳುತ್ತದೆ, ಅದೇ ಮುಖಡಾ ಮರಳುತ್ತದೆ, ಆದರೆ ಸಮಕ್ಕೆ ಬರುವ ದಾರಿ ಪ್ರತಿ ಸಲ ಬೇರೆ.

2001ರಲ್ಲಿ ಬಾಸ್ ಕಂಪನಿಯ ಆರ್‌ಸಿ-20 ಬಂದ ಮೇಲೆ ಲೂಪ್ ಕಾಲಡಿಗೆ ಇಳಿಯಿತು. ಒಬ್ಬನೇ ಗಿಟಾರಿನ ಮೈ ತಟ್ಟಿ ತಾಳ ಹಾಕಿ, ಅದರ ಮೇಲೆ ಮಂದ್ರ, ಅದರ ಮೇಲೆ ಹಾಡು ಪೇರಿಸಬಹುದು. ಆದರೆ ಡಿಜಿಟಲ್ ಯಂತ್ರ ತಾನಾಗಿ ಜೊತೆ ತಪ್ಪುವುದಿಲ್ಲ. ರೈಶ್‌ಗೆ ಅಗ್ಗದ ಮೋಟಾರು ಪುಕ್ಕಟೆಯಾಗಿ ಕೊಟ್ಟದ್ದನ್ನು ಈಗಿನ ವಾದಕ ಬೇಕೆಂದೇ ತರಬೇಕು. ನಾಲ್ಕರ ಲೂಪಿನ ಮೇಲೆ ಐದರದನ್ನು ಇಟ್ಟು 20ನೆಯ ಎಣಿಕೆಯವರೆಗೆ ಕಾಯುವವರಿದ್ದಾರೆ. ಹಳೆಯ ಪದರವನ್ನು ಮಾಸಲು ಬಿಡುವವರಿದ್ದಾರೆ. ಪೆಡಲನ್ನು ಒಂದು ಎಣಿಕೆ ಮೊದಲೇ ಒತ್ತಿ ಎಂಟನ್ನು ಏಳಾಗಿಸಿ, ಆ ಕುಂಟು ನಡಿಗೆಗೆ ಹಾಡನ್ನು ಹೊಂದಿಸಿಕೊಳ್ಳುವವರೂ ಇದ್ದಾರೆ. ಕೇಳುವವರು ಮೊದಲು ಅದನ್ನು ತಪ್ಪೆಂದುಕೊಳ್ಳುತ್ತಾರೆ. ಮೂರನೆಯ ಸುತ್ತಿಗೆ ಅವರ ಕಾಲೂ ಏಳಕ್ಕೇ ಕುಟ್ಟುತ್ತಿರುತ್ತದೆ.