ಟಕೋಮಾದ ಒಡೆದ ಸದ್ದು

ನಾನು ಮೂವತ್ತು ವರ್ಷ ಧ್ವನಿಮುದ್ರಣದ ಕೆಲಸ ಮಾಡಿದವನು. ಮೀಟರಿನ ಮುಳ್ಳು ಕೆಂಪು ಗೆರೆ ದಾಟಿದರೆ ‘ಸೌಂಡ್ ಒಡೀತು, ಇನ್ನೊಂದು ಟೇಕ್’ ಎನ್ನುವುದು ನನಗೆ ಬಾಯಿಪಾಠ. ಅಂಥವನು ಸೋನಿಕ್ಸ್ ರಾಕ್ ತಂಡದ ‘ದಿ ವಿಚ್’ ಹಾಡನ್ನು ಮೊದಲ ಸಲ ಕೇಳಿದಾಗ, ಕೈ ತಾನಾಗಿಯೇ ವಾಲ್ಯೂಮ್ ತಗ್ಗಿಸಲು ಹೋಯಿತು. ಡ್ರಮ್, ಸ್ಯಾಕ್ಸೊಫೋನ್, ಗಿಟಾರ್ ಎಲ್ಲವೂ ಒಡೆದಿದ್ದವು. ಹಾಡುಗಾರ ಜೆರ್ರಿ ರಾಸ್ಲಿ ಗಂಟಲು ಹರಿಯುವಂತೆ ಕಿರುಚುತ್ತಿದ್ದ. ಇನ್ನೊಂದು ಸಲ ಹಾಕಿದೆ. ಟೇಕ್ ಸರಿಯಾಗಿಯೇ ಇತ್ತು.

ಸೋನಿಕ್ಸ್‌ನವರ ಊರು ಟಕೋಮಾ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಬಂದರು ಪಟ್ಟಣ. ಪಕ್ಕದಲ್ಲಿ ಮೆಕಾರ್ಡ್ ವಾಯುನೆಲೆ. ಶಬ್ದದ ವೇಗ ಮೀರಿದ ಜೆಟ್‌ಗಳು ಎಬ್ಬಿಸುವ ಗುಡುಗು, ‘ಸೋನಿಕ್ ಬೂಮ್’, ಅದರಿಂದಲೇ ಈ ತಂಡಕ್ಕೆ ಹೆಸರು ಬಂತು. ಗಿಟಾರಿನ ಲ್ಯಾರಿ ಪರಿಪಾ 1960ರಲ್ಲಿ ಕಟ್ಟಿದ ತಂಡ ಅದು. ಮನೆಯ ಕಾರ್ ಶೆಡ್ಡಿನಲ್ಲಿ ಅಭ್ಯಾಸ ಮಾಡುತ್ತಿದ್ದ ಇಂಥ ಹುಡುಗರ ಸಂಗೀತಕ್ಕೇ ಮುಂದೆ ಗ್ಯಾರೇಜ್ ರಾಕ್ ಎಂಬ ಹೆಸರು ಬಿತ್ತು.

‘ದಿ ವಿಚ್’ ಬಂದದ್ದು 1964ರಲ್ಲಿ, ಮೊದಲ ಆಲ್ಬಂ 1965ರಲ್ಲಿ. ಸಿಯಾಟಲ್‌ನಲ್ಲಿ ಧ್ವನಿಮುದ್ರಕ ಕೀರ್ನಿ ಬಾರ್ಟನ್ ಅದನ್ನು ಎರಡೇ ಟ್ರ್ಯಾಕಿನ ಯಂತ್ರದಲ್ಲಿ ಮುದ್ರಿಸಿದರು. ಬಾಬ್ ಬೆನೆಟ್‌ನ ಇಡೀ ಡ್ರಮ್ ಸೆಟ್ಟಿಗೆ ಒಂದೇ ಮೈಕ್! ನಾವು ಒಂದೊಂದು ಡ್ರಮ್ಮಿಗೂ ಒಂದೊಂದು ಮೈಕ್ ಇಟ್ಟು, ಆಮೇಲೆ ಕೂತು ಹದ ಮಾಡುತ್ತೇವೆ. ಒಂದೇ ಮೈಕ್ ಇದ್ದರೆ ಹಾಗೆ ತಿದ್ದಲು ಬರುವುದಿಲ್ಲ. ಬಾರಿಸಿದವನ ತೋಳಿನ ಬಲ, ಕೋಣೆಯ ಮಾರ್ದನಿ ಎಲ್ಲ ಒಟ್ಟಿಗೇ ಟೇಪಿಗೆ ಇಳಿಯುತ್ತದೆ. 1966ರ ‘ಬೂಮ್’ ಆಲ್ಬಂಗೆ ಟಕೋಮಾದ ಸ್ಟುಡಿಯೊ ಹೊಕ್ಕವರು, ಸದ್ದು ಹೀರಲೆಂದು ಗೋಡೆಗೆ ಅಂಟಿಸಿದ್ದ ಮೊಟ್ಟೆ ಟ್ರೇಗಳನ್ನೇ ಕಿತ್ತುಹಾಕಿದರು. ನಮ್ಮ ಎಷ್ಟೋ ಸಣ್ಣ ಸ್ಟುಡಿಯೊಗಳಲ್ಲಿ ಇದೇ ಟ್ರೇಗಳನ್ನು ಎಷ್ಟು ಜತನದಿಂದ ಅಂಟಿಸಿದ್ದೇವೆ ಎಂದು ಬಲ್ಲವನಿಗೆ ಆ ಧೈರ್ಯ ದೊಡ್ಡದಾಗಿ ಕಾಣುತ್ತದೆ.

ಆಮೇಲೆ ಹಾಲಿವುಡ್ಡಿನ ಹೆಸರಾಂತ ಗೋಲ್ಡ್ ಸ್ಟಾರ್ ಸ್ಟುಡಿಯೊಗೆ ಹೋದರು. ಅಲ್ಲಿ ಸದ್ದು ನುಣುಪಾಯಿತು, ಕಸುವು ಹೋಯಿತು. ಅಲ್ಲಿ ಮಾಡಿದ ಆಲ್ಬಂ ತಂಡದವರಿಗೇ ಸೇರಲಿಲ್ಲ. 1968ರ ಹೊತ್ತಿಗೆ ಎಲ್ಲರೂ ಚದುರಿದ್ದರು. ಸ್ಯಾಕ್ಸೊಫೋನಿನ ರಾಬ್ ಲಿಂಡ್ ನೌಕಾಪಡೆಯ ಪೈಲಟ್ ಆಗಿ ವಿಯೆಟ್ನಾಂ ಯುದ್ಧಕ್ಕೆ ಹೋದ.

ಅದೇ ರಾಜ್ಯದ ನಿರ್ವಾಣ ತಂಡದ ಕರ್ಟ್ ಕೊಬೇನ್ ಮುಂದೆ ಆ ಒಂದೇ ಮೈಕಿನ ಡ್ರಮ್ ಸದ್ದನ್ನು ಬಾಯ್ತುಂಬ ಹೊಗಳಿದ. 2007ರಲ್ಲಿ ನ್ಯೂಯಾರ್ಕಿನ ವೇದಿಕೆಯ ಮೇಲೆ ಸೋನಿಕ್ಸ್ ಮತ್ತೆ ಒಂದುಗೂಡಿತು. 2015ರ ಹೊಸ ಆಲ್ಬಂ ಅನ್ನು, ಸ್ಟೀರಿಯೊ ಬಿಟ್ಟು, ಮೋನೊದಲ್ಲೇ ಮುದ್ರಿಸಿದರು.

ಅವರನ್ನು ಕೇಳುವುದಾದರೆ ಮೊದಲ ಆಲ್ಬಂನಿಂದ ಶುರುಮಾಡಿ. ಹೆಡ್‌ಫೋನ್ ಬೇಡ, ಸ್ಪೀಕರ್ ಹಾಕಿ. ವಾಲ್ಯೂಮ್ ತಗ್ಗಿಸಬೇಡಿ.